ದಿನಕ್ಕೊಂದು ಊರು ಸಾಕು: ಮಲೆನಾಡಿನ ಹಳೆಯ ಊರುಗಳನ್ನು ನೋಡುವ ಬಗೆ

ಸಾಗರದಲ್ಲಿ ಬಾಡಿಗೆ ಕಾರು ಓಡಿಸುವ ನನಗೆ ಬರುವ ಫೋನ್‌ಗಳ ಧಾಟಿ ಹೆಚ್ಚುಕಡಿಮೆ ಒಂದೇ. ‘ಬೆಳಿಗ್ಗೆ ಜೋಗ, ಹಾಗೇ ಇಕ್ಕೇರಿ, ಕೆಳದಿ, ಆಮೇಲೆ ಬಳ್ಳಿಗಾವಿ, ಸಮಯ ಸಿಕ್ಕರೆ ಕವಲೇದುರ್ಗ. ರಾತ್ರಿ ರೈಲಿಗೆ ಬಿಟ್ಟುಬಿಡಿ.’ ಸಮಯ ಸಿಗುತ್ತದೆ ಸ್ವಾಮಿ, ಆದರೆ ಊರು ಸಿಗುವುದಿಲ್ಲ. ಕಾರಿನಿಂದ ಇಳಿದು, ಗುಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ‘ಇಷ್ಟೇನಾ?’ ಎಂದು ನನ್ನ ಮುಖ ನೋಡುವವರನ್ನು ಕಂಡು ಕಂಡು ಸಾಕಾಗಿದೆ. ಇಷ್ಟೇ ಅಲ್ಲ ಎನ್ನುವುದನ್ನು ಡ್ರೈವಿಂಗ್ ಸೀಟಿನಲ್ಲಿ ಕುಳಿತು ಹೇಳಿದರೆ ಯಾರೂ ಕಿವಿಗೊಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯ ಮಾತು: ದಿನಕ್ಕೊಂದು ಊರು. ತೀರಾ ಹತ್ತಿರವಿದ್ದರೆ ಎರಡು. ನಮ್ಮ ಕಡೆಯ ಹಳೆಯ ಊರುಗಳು ಸುತ್ತ ಬೇಲಿ ಹಾಕಿ ಟಿಕೆಟ್ ಹರಿದು ತೋರಿಸುವ ಜಾಗಗಳಲ್ಲ. ಸಾವಿರ ವರ್ಷದ ಗುಡಿಯ ಗೋಡೆಗೆ ಹತ್ತಿರದಲ್ಲೇ ಹುಲ್ಲಿನ ಬಣವೆ ಇರುತ್ತದೆ, ವೀರಗಲ್ಲಿನ ಪಕ್ಕದಲ್ಲಿ ಎಮ್ಮೆ ಮಲಗಿರುತ್ತದೆ. ಎರಡನ್ನೂ ಸೇರಿಸಿ ನೋಡಿದರೆ ಮಾತ್ರ ಅದು ಊರು.

ಎರಡನೆಯ ಮಾತು: ಗುಡಿಗಿಂತ ಮೊದಲು ಕೆರೆಗೆ ಹೋಗಿ. ನನ್ನ ಕಾರು ಹತ್ತಿದವರನ್ನು ನಾನು ಇಳಿಸುವುದೇ ಕೆರೆ ಏರಿಯ ಮೇಲೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಏರಿಯ ಮೇಲೆ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ ಬಯಲು, ಆಚೆ ಅಡಿಕೆ ತೋಟ, ನಡುವೆ ಮನೆಗಳು, ಎತ್ತರದ ಕಡೆ ಗುಡಿ. ಯಾವುದು ಯಾಕೆ ಎಲ್ಲಿದೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಹಳೆಯ ಅರಸರೂ ಸೆಟ್ಟಿಗಳೂ ಗುಡಿ ಕಟ್ಟಿಸಿ ಸುಮ್ಮನಾದವರಲ್ಲ, ಕೆರೆ ಕಟ್ಟಿಸಿ ಅದರ ಕೆಳಗಿನ ಗದ್ದೆಯನ್ನು ದೇವರಿಗೆ ಬಿಟ್ಟವರು. ತಾಳಗುಂದದ ಹೆಸರಾದ ಕಂಬಶಾಸನವನ್ನೇ ತೆಗೆದುಕೊಳ್ಳಿ. ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಬರೆದದ್ದು. ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಓದಲು ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಕೈಯಲ್ಲಿದ್ದ ದರ್ಭೆ ಬಿಟ್ಟು ಕತ್ತಿ ಹಿಡಿದ ಕಥೆ ನಮಗೆ ಸಿಕ್ಕಿರುವುದು ಅದರಿಂದಲೇ. ಆದರೆ ಆ ಕಂಬ ನೆಟ್ಟದ್ದು ಅವನ ವಂಶದ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳಲು. ಕದಂಬರ ವಂಶದ ಕಥೆಯೆಲ್ಲ ಒಂದು ಕೆರೆಯ ಪೀಠಿಕೆಯಾಗಿ ಬಂದಿದೆ. ತಾಳಗುಂದಕ್ಕೆ ಹೋದವರು ಕಂಬ ನೋಡಿ, ಕೆರೆಗೆ ಬೆನ್ನು ಹಾಕಿ ಹೊರಟುಬಿಡುತ್ತಾರೆ!

ಕಾಲದ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಮಳೆ ಚಂದ ಎನ್ನುವವರು ಜಗಲಿಯಲ್ಲಿ ಕುಳಿತು ನೋಡಲಿ. ಪಾಚಿ ಕಟ್ಟಿದ ಮೆಟ್ಟಿಲು, ಕಪ್ಪಾಗಿ ಅಕ್ಷರವೇ ಕಾಣದ ಕಲ್ಲು, ಕಾಲಿಗೆ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಬಂದೇ ಬರುತ್ತೇನೆ ಎನ್ನುವವರು ಉಪ್ಪು ಅಥವಾ ಸುಣ್ಣ ಬೆರೆಸಿದ ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬನ್ನಿ. ಕಚ್ಚಿದ ಉಂಬಳವನ್ನು ಕಿತ್ತೆಳೆಯಬೇಡಿ, ಗಂಟನ್ನು ಮುಟ್ಟಿಸಿದರೆ ತಾನೇ ಬೀಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಲೆನಾಡಿನಲ್ಲೂ ಸೆಕೆ. ಅದರಲ್ಲೂ ಶಿಕಾರಿಪುರದ ಕಡೆ ಅರೆಮಲೆನಾಡು, ಬಿಸಿಲಿಗೆ ಮರೆಯಿಲ್ಲ. ನನ್ನ ಲೆಕ್ಕದಲ್ಲಿ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಅಡಿಕೆ ಕೊಯ್ಲಿನ ದಿನಗಳು ಅವು. ಅಡಿಕೆ ಗೊನೆ ಇಳಿಸುವ ಕೊನೆಗೌಡ ಮರದಿಂದ ಮರಕ್ಕೆ ಬಾಗಿ ದಾಟುವುದನ್ನು ಕಾಣಬಹುದು, ಅಂಗಳಗಳಲ್ಲಿ ಅಡಿಕೆ ಒಣಗುತ್ತಿರುತ್ತದೆ. ಅಡಿಕೆ ಹರಡಿದ ಅಂಗಳವನ್ನು ತುಳಿದು ಅಡ್ಡದಾರಿ ಹಿಡಿಯಬೇಡಿ. ಮನೆಯವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಆದರೆ ಮುಂದಿನ ಬಾರಿ ನಾನು ಆ ಮನೆಯ ಮುಂದೆ ಕಾರು ನಿಲ್ಲಿಸುವುದು ಕಷ್ಟವಾಗುತ್ತದೆ.

ಒಂದೇ ಊರು ನೋಡಲು ಸಾಧ್ಯವೆಂದರೆ ಬಳ್ಳಿಗಾವಿ ನೋಡಿ. ಸಾಗರದವನಾಗಿ ಇಕ್ಕೇರಿ ಬಿಟ್ಟು ಹೀಗೆ ಹೇಳುವುದು ನಮ್ಮ ಸ್ಟ್ಯಾಂಡಿನ ಗೆಳೆಯರಿಗೆ ಸರಿಕಾಣುವುದಿಲ್ಲ. ಇರಲಿ. ಶಿವಮೊಗ್ಗದಿಂದ ಬರುವವರು ಶಿಕಾರಿಪುರ ದಾಟಿ ಶಿರಾಳಕೊಪ್ಪಕ್ಕೆ ಬನ್ನಿ, ಬಸ್ಸು ಧಾರಾಳವಾಗಿದೆ. ಅಲ್ಲಿಂದ ಬಳ್ಳಿಗಾವಿ ಎರಡು ಮೂರು ಕಿಲೊಮೀಟರ್, ಆಟೊ ಸಿಗುತ್ತದೆ. ಸಾಗರದಿಂದಾದರೆ ಸೊರಬದ ಮೇಲೆ. ತಿಂಡಿ ಶಿರಾಳಕೊಪ್ಪದಲ್ಲೇ ಮುಗಿಸಿಕೊಳ್ಳಿ. ಬಳ್ಳಿಗಾವಿಯಲ್ಲಿ ಟೀ ಸಿಕ್ಕೀತು, ಊಟ ನೆಚ್ಚಿಕೊಳ್ಳಬೇಡಿ.

ಇವತ್ತು ನೋಡಿದರೆ ಹೆಂಚಿನ ಮನೆಗಳ ಸಾಧಾರಣ ಹಳ್ಳಿ. ಹನ್ನೊಂದು, ಹನ್ನೆರಡನೆಯ ಶತಮಾನದಲ್ಲಿ ಇದು ‘ಬನವಾಸಿ ಹನ್ನೆರಡು ಸಾವಿರ’ ಎಂಬ ನಾಡಿನ ರಾಜಧಾನಿ. ಕಲ್ಯಾಣದ ಚಾಲುಕ್ಯರ ಕಾಲದ ದೊಡ್ಡ ಪೇಟೆ. ಶೈವರ ಮಠಗಳು, ಬಸದಿಗಳು, ವಿಷ್ಣು ದೇಗುಲಗಳ ಜೊತೆಗೆ 1065ರಲ್ಲಿ ಕಟ್ಟಿಸಿದ ಬೌದ್ಧ ವಿಹಾರವೂ ಇಲ್ಲಿತ್ತು. ಅಲ್ಲಮಪ್ರಭುವಿನ ಊರು ಇದೇ ಎಂಬುದು ಇಲ್ಲಿಯವರ ನಂಬಿಕೆ. ಅಕ್ಕಮಹಾದೇವಿಯ ಉಡುತಡಿಯೂ ಶಿರಾಳಕೊಪ್ಪದ ಆಸುಪಾಸಿನಲ್ಲೇ ಇದೆ.

ಬೆಳಿಗ್ಗೆ ಎಂಟರ ಹೊತ್ತಿಗೆ ಕೇದಾರೇಶ್ವರದ ಮುಂದೆ ಇರಿ. ಮೂರು ಗರ್ಭಗುಡಿಗಳ ತ್ರಿಕೂಟ. ಒಳಗಿನ ಕಂಬಗಳು ಬಳಪದ ಕಲ್ಲಿನವು, ತಿರುಗಣೆಗೆ ಕೊಟ್ಟು ಕಡೆದವು, ಈಗಲೂ ಮುಖ ಕಾಣುವಷ್ಟು ನುಣುಪು. ಹೊರಗೆ ಬಂದು ಮೇಲೆ ನೋಡಿದರೆ ಸಿಂಹದೊಡನೆ ಹೋರಾಡುವ ಸಳ ಕಾಣುತ್ತಾನೆ. ಗುಡಿ ಕಟ್ಟಿದವರು ಹೊಯ್ಸಳರಲ್ಲ. ಊರು ಕೈಗೆ ಬಂದಾಗ ತಮ್ಮ ಲಾಂಛನವನ್ನು ಮೇಲೇರಿಸಿದರು. ಅಧಿಕಾರ ಬದಲಾದಾಗ ಫಲಕ ಬದಲಾಯಿಸುವ ಅಭ್ಯಾಸ ನಿನ್ನೆ ಮೊನ್ನೆಯದಲ್ಲ.

ಈ ಗುಡಿಗೆ ಸೇರಿದ್ದ ಕೋಡಿಮಠ ಕಾಳಾಮುಖರೆಂಬ ಶೈವ ಪಂಥದ ಗುರುಗಳದ್ದು. 1162ರ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಉದ್ದಕ್ಕೂ ಪಟ್ಟಿ ಕೊಡುತ್ತದೆ. ನಾಲ್ಕು ವೇದ, ವ್ಯಾಕರಣಗಳು, ಷಡ್ದರ್ಶನ, ಪುರಾಣಗಳ ಪಾಠ. ಅಷ್ಟೇ ಆಗಿದ್ದರೆ ಇನ್ನೊಂದು ಮಠ ಎಂದು ಮುಂದೆ ಹೋಗಬಹುದಿತ್ತು. ದೀನರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ, ಹಾಡುವವರಿಗೆ, ಬಾರಿಸುವವರಿಗೆ, ಕುಣಿಯುವವರಿಗೆ ಅನ್ನ ಹಾಕುವ ಜಾಗ, ರೋಗಿಗಳಿಗೆ ಮದ್ದು ಕೊಡುವ ಜಾಗ, ಭಯಪಟ್ಟು ಬಂದವರಿಗೆ ಅಭಯ ಕೊಡುವ ಜಾಗ ಎಂದೂ ಅದರಲ್ಲಿದೆ. ಇದನ್ನು ತಿಳಿದುಕೊಂಡು ಗುಡಿಯ ಅಂಗಳದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಈಗ ಹುಲ್ಲುಹಾಸು ಇರುವ ಜಾಗದಲ್ಲಿ ಊಟದ ಪಂಕ್ತಿಗಳಿದ್ದವು ಎಂದು ಎಣಿಸಿದರೆ ಊರಿನ ಅಳತೆ ಬೇರೆಯಾಗುತ್ತದೆ.

ಇನ್ನು ಕಲ್ಲು ಓದುವ ಕೆಲಸ. ಸುತ್ತಮುತ್ತ ತಂದು ನಿಲ್ಲಿಸಿರುವ ವೀರಗಲ್ಲುಗಳ ಮುಂದೆ ಜನ ನಿಲ್ಲುವುದೇ ಇಲ್ಲ. ಗೊತ್ತಿದ್ದರೆ ನಿಲ್ಲುತ್ತಾರೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಯಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕೆಲವೊಮ್ಮೆ ಕುದುರೆ. ಅಲ್ಲಿ ದನಗಳ ಸಾಲು ಕಂಡರೆ ಅದು ತುರುಗೋಳು, ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಕಲ್ಲು. ನಡುವಿನ ಪಟ್ಟಿಯಲ್ಲಿ ದೇವಕನ್ನಿಕೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲಿನ ಪಟ್ಟಿಯಲ್ಲಿ ಶಿವಲಿಂಗ, ಪೂಜೆ ಮಾಡುವವನು, ನಂದಿ, ಅದರೆದುರು ಕೈಮುಗಿದು ಕುಳಿತ ವೀರ. ನೆತ್ತಿಯಲ್ಲಿ ಸೂರ್ಯ, ಚಂದ್ರ: ಅವರಿರುವವರೆಗೆ ಇವನ ಹೆಸರು ಇರಲಿ ಎಂದು. ಪಟ್ಟಿಗಳ ನಡುವಿನ ಅಡ್ಡ ಅಂಚಿನಲ್ಲಿ ಬರಹ. ಕಂಬದಿಂದ ಹೊರಚಾಚಿ ಮೇಲಕ್ಕೆ ಮಡಿಸಿದ ಬಳೆ ತೊಟ್ಟ ತೋಳು ಇದ್ದರೆ ಅದು ಮಾಸ್ತಿಕಲ್ಲು. ಗಂಡನ ಚಿತೆ ಏರಿದವಳದ್ದು. ಆ ಕಲ್ಲಿನ ಮುಂದೆ ನಿಂತು ನಗುತ್ತ ಸೆಲ್ಫಿ ತೆಗೆಯುವವರಿಗೆ ನಾನು ಅದೇನೆಂದು ಹೇಳುತ್ತೇನೆ. ಅಷ್ಟು ಸಾಕಾಗುತ್ತದೆ.

ಅಕ್ಷರ ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ನಂತರ ಹೋದರೆ ಸೂರ್ಯನೇ ಆ ಕೆಲಸ ಮಾಡುತ್ತಾನೆ. ನೆರಳಿನಲ್ಲಿರುವ ಕಲ್ಲಿಗೆ ಮೊಬೈಲಿನ ಟಾರ್ಚನ್ನು ಎದುರಿಗೆ ಹಿಡಿಯಬೇಡಿ, ಕಲ್ಲಿನ ಬದಿಗೆ ಒತ್ತಿ ಹಿಡಿಯಿರಿ. ಚಪ್ಪಟೆಯಾಗಿ ಕಾಣುತ್ತಿದ್ದ ಮೈಯಲ್ಲಿ ಸಾಲು ಸಾಲು ಅಕ್ಷರ ಎದ್ದು ನಿಲ್ಲುತ್ತದೆ. ನನ್ನ ಕಾರಿನಲ್ಲಿ ಬಂದ ಹೈಸ್ಕೂಲು ಹುಡುಗಿಯೊಬ್ಬಳು ಹೀಗೆ ಹಿಡಿದು ‘ಸ್ವಸ್ತಿ’ ಎಂಬುದನ್ನು ತಾನೇ ಓದಿ ಕುಣಿದಾಡಿದಳು. ಅವಳ ಅಪ್ಪ ಆ ಹೊತ್ತಿನಲ್ಲಿ ಫೋನಿನಲ್ಲಿದ್ದರು. ಸುಣ್ಣ, ಸೀಮೆಸುಣ್ಣ, ಹಿಟ್ಟು ತಿಕ್ಕಿ ಅಕ್ಷರ ಬಿಳಿ ಮಾಡುವ ಚಾಳಿ ಬೇಡ, ಕಲ್ಲು ಹಾಳಾಗುತ್ತದೆ. ದಾನಶಾಸನಗಳ ಕೊನೆಯಲ್ಲಿ, ಇದನ್ನು ಅಳಿಸಿದವರು ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗಲಿ, ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟಲಿ ಎಂದೆಲ್ಲ ಬರೆದಿರುತ್ತಾರೆ. ಕಾಯಿದೆಗೆ ಹೆದರದವರು ಇದಕ್ಕಾದರೂ ಹೆದರಬಹುದು.

ಕೇದಾರೇಶ್ವರದಿಂದ ತ್ರಿಪುರಾಂತಕಕ್ಕೆ ಕಾರಿನಲ್ಲಿ ಹೋಗಬೇಡಿ, ಊರೊಳಗಿನಿಂದ ನಡೆಯಿರಿ. ದಾರಿಯಲ್ಲಿ ಗಂಡಭೇರುಂಡ ಸ್ತಂಭ ಸಿಗುತ್ತದೆ. 1047ರಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾಮುಂಡರಾಯರಸ ನಿಲ್ಲಿಸಿದ್ದು. ಸರ್ಕಾರಿ ಲಾಂಛನದಲ್ಲಿ ನೋಡಿದ ಹಕ್ಕಿಯನ್ನೇ ಹುಡುಕಬೇಡಿ, ಇಲ್ಲಿಯ ಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ತ್ರಿಪುರಾಂತಕ ಶಿಥಿಲವಾಗಿದೆ. ಆದರೆ ಅಧಿಷ್ಠಾನದ, ಅಂದರೆ ತಳಪೀಠದ ಪಟ್ಟಿಯಲ್ಲಿ ಪಂಚತಂತ್ರದ ಕಥೆಗಳಿವೆ. ಮಕ್ಕಳಿದ್ದರೆ ಅವರನ್ನೇ ಮುಂದೆ ಬಿಡಿ, ಪ್ರಾಣಿ ಹುಡುಕುವುದರಲ್ಲಿ ಅವರೇ ಚುರುಕು. ಅದೇ ಪಟ್ಟಿಯಲ್ಲಿ ಮಕ್ಕಳಿಗೆ ವಿವರಿಸಲಾಗದ ಶಿಲ್ಪಗಳೂ ಇವೆ. ಅದು ನಿಮ್ಮ ಪಾಡು.

ಮಧ್ಯಾಹ್ನದ ನಂತರ ತಾಳಗುಂದಕ್ಕೆ ಹೋಗಬಹುದು. ಶಿರಾಳಕೊಪ್ಪದ ಪಕ್ಕವೇ. ಪ್ರಣವೇಶ್ವರ ಚಿಕ್ಕ ಗುಡಿ, ಅರ್ಧ ಗಂಟೆಯ ನೋಟ. ಈಚಿನ ಉತ್ಖನನದಲ್ಲಿ ಇಲ್ಲಿ ಸಿಕ್ಕ ಸಿಂಹಕಟಾಂಜನದ, ಅಂದರೆ ಸಿಂಹದ ಕೆತ್ತನೆಯಿರುವ ಮೆಟ್ಟಿಲಿನ ಕೈಪಿಡಿಗಲ್ಲಿನ ಬರಹ ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ ಎಂದು ವಿದ್ವಾಂಸರು ಹೇಳಿದ ಮೇಲೆ ಬರುವವರು ಹೆಚ್ಚಿದ್ದಾರೆ. ಕಂಬವನ್ನು ನೋಡಿ, ಆಮೇಲೆ ನಾನು ಹೇಳಿದ ಕೆರೆಯನ್ನೂ ನೋಡಿ.

ಬಂದಳಿಕೆಯನ್ನು ಅದೇ ದಿನಕ್ಕೆ ಸೇರಿಸಬೇಡಿ, ಅದಕ್ಕೆ ಬೇರೆಯೇ ಬೆಳಗು ಬೇಕು. ಜನವಸತಿಯಿಂದ ಸರಿದ ಜಾಗ, ಕಾಡು ಹತ್ತಿರ, ಅಂಗಡಿಯಿಲ್ಲ. ನೀರು, ಬುತ್ತಿ ಕಟ್ಟಿಕೊಂಡು ಹೋಗಿ, ಒಬ್ಬರೇ ಹೋಗಬೇಡಿ. ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ಎಲ್ಲವೂ ಹುಲ್ಲಿನ ನಡುವೆ ಚದುರಿವೆ. ನನಗೆ ಅಲ್ಲಿ ಮುಖ್ಯ ಜಕ್ಕಿಯಬ್ಬೆ. ರಾಷ್ಟ್ರಕೂಟರ ಕಾಲ, ‘ನಾಗರಖಂಡ ಎಪ್ಪತ್ತು’ ಎಂಬ ನಾಡಿನ ನಾಳ್ಗಾವುಂಡನಾಗಿದ್ದ, ಅಂದರೆ ನಾಡಿನ ಮುಖ್ಯಸ್ಥನಾಗಿದ್ದ ಗಂಡ ಸತ್ತಾಗ ಆ ಅಧಿಕಾರ ಅವಳಿಗೆ ಬಂತು. ಹೆಣ್ಣಾದರೂ ಚೆನ್ನಾಗಿ ಆಳಿದಳೆಂದು ಶಾಸನ ಹೊಗಳುತ್ತದೆ. ‘ಆದರೂ’ ಎನ್ನುವುದು ಆಗಲೂ ಇತ್ತು. 918ರಲ್ಲಿ ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಇದೇ ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ, ಅಂದರೆ ಅನ್ನ ಬಿಟ್ಟು ಪ್ರಾಣ ತೊರೆಯುವ ಜೈನರ ವ್ರತ, ಕೈಗೊಂಡಳು.

ಸಾಗರದ ಸುತ್ತಿನ ಊರುಗಳು ಇನ್ನೊಂದು ಕಾಲದವು, ಇನ್ನೊಂದು ಕಲ್ಲಿನವು. ಕೆಳದಿ, ಇಕ್ಕೇರಿ ಎರಡೂ ಪೇಟೆಯಿಂದ ಹತ್ತು ಕಿಲೊಮೀಟರಿನೊಳಗೆ, ಒಂದು ಬಡಗಿಗೆ, ಒಂದು ತೆಂಕಿಗೆ. ಇವೆರಡನ್ನು ಒಂದೇ ದಿನ ನೋಡಬಹುದು, ಬೆಳಿಗ್ಗೆ ಕೆಳದಿ, ಸಂಜೆ ಇಕ್ಕೇರಿ. ಬೆಂಗಳೂರಿನಿಂದ ಬರುವವರಿಗೆ ತಾಳಗುಪ್ಪದ ರೈಲಿದೆ, ಸಾಗರದಲ್ಲಿ ಇಳಿದರಾಯಿತು.

ಕೆಳದಿಯ ವೀರಭದ್ರ ಗುಡಿಯಲ್ಲಿ ತಲೆಯೆತ್ತಿ ನಡೆಯಿರಿ. ಒಳಮಾಳಿಗೆಯಲ್ಲಿ ಆನೆ, ಸಿಂಹಗಳನ್ನು ಹಿಡಿದ ಗಂಡಭೇರುಂಡವಿದೆ. ಬಳ್ಳಿಗಾವಿಯದನ್ನು ನೋಡಿ ಬಂದವರು ಎರಡನ್ನೂ ಹೋಲಿಸಬಹುದು. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ನಾಣ್ಯ, ಕಡತಗಳಿವೆ. ರಜಾದಿನ ನೋಡಿಕೊಂಡು ಹೋಗಿ. ಶಿವಾಜಿಯ ಮಗ ರಾಜಾರಾಮನಿಗೆ ಔರಂಗಜೇಬನ ಸೈನ್ಯ ಬೆನ್ನು ಹತ್ತಿದಾಗ ದಾರಿ ಕೊಟ್ಟ ಚೆನ್ನಮ್ಮ ಇಲ್ಲಿಯ ಕೆಳದಿ ನಾಯಕರ ಮನೆತನದವಳು. ಆದರೆ ಅವಳು ಆಳಿದ್ದು ಕೆಳದಿಯಿಂದಲ್ಲ, ಬಿದನೂರಿನಿಂದ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರದಿಂದ.

ಇಕ್ಕೇರಿಯ ಅಘೋರೇಶ್ವರ ಗ್ರಾನೈಟ್ ಕಲ್ಲಿನದು. ಬಳಪದ ಕಲ್ಲಿನ ನವುರು ಇಲ್ಲಿ ಸಿಗದು, ಗಾತ್ರವೇ ಇದರ ಮಾತು. ಒಳಗೆ ಹೋದವರು ದೇವರನ್ನೇ ನೋಡುತ್ತ ಮುಂದೆ ಸಾಗುತ್ತಾರೆ. ನೆಲ ನೋಡಿ. ಗರ್ಭಗುಡಿಯ ಎದುರು ನೆಲದಲ್ಲಿ ಅಡ್ಡಬಿದ್ದ ಮೂವರು ನಾಯಕರ ಉಬ್ಬುಗೆತ್ತನೆ ಇದೆ, ಹೆಸರೂ ಇದೆ. ಅವರಲ್ಲೊಬ್ಬನ ಕೈಕಾಲಿಗೆ ಬೇಡಿ: ಹುಚ್ಚ ಸೋಮಶೇಖರ. ದೇವರಿಗೆ ಬರುವ ಪ್ರತಿಯೊಬ್ಬರ ಕಾಲ ಧೂಳೂ ತಮ್ಮ ಮೇಲೆ ಬೀಳಲಿ ಎಂಬ ಹರಕೆಯಂತೆ ನಮ್ಮ ಕಡೆ ಅರ್ಥ ಮಾಡುತ್ತಾರೆ. ತುಳಿಯುವುದೋ ಬಿಡುವುದೋ ನಿಮಗೆ ಬಿಟ್ಟದ್ದು, ನಾನು ಬದಿಯಿಂದ ದಾಟುತ್ತೇನೆ.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ, ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ದಾರಿಯಲ್ಲಿ ಗುಡಿಯೊಂದರ ಜಗಲಿಯಲ್ಲಿ ಹುಡುಗರು ಮರಳು ಹರಡಿಕೊಂಡು, ಅದರ ಮೇಲೆ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡು ಬೆರಗಾಗಿ ಬರೆದಿಟ್ಟ. ಮೇಷ್ಟ್ರು ಇರಲಿಲ್ಲ, ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಅರಮನೆ, ಮೆರವಣಿಗೆಗಳನ್ನೂ ಅವನು ನೋಡಿದ. ನಿಂತು ನೋಡುವವನಿಗೆ ಜಗಲಿಯೂ ಕಾಣುತ್ತದೆ.

ತೀರ್ಥಹಳ್ಳಿ ಕಡೆಯ ಕವಲೇದುರ್ಗಕ್ಕೆ ಕಾಲು ಗಟ್ಟಿಯಿದ್ದವರು ಹೋಗಿ. ಗದ್ದೆಯ ಬದಿಯಲ್ಲಿ ನಡೆದು, ಹಾಸುಗಲ್ಲಿನ ದಾರಿ ಹತ್ತಿ, ಒಂದರೊಳಗೊಂದು ಕೋಟೆಯ ಬಾಗಿಲು ದಾಟಿದರೆ ಮೇಲೆ ಅರಮನೆಯ ಅಡಿಪಾಯ, ಕೊಳ, ಶ್ರೀಕಂಠೇಶ್ವರ ಗುಡಿ. ನೀರು ಜೊತೆಗಿರಲಿ, ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ. ಜೈನ ಕ್ಷೇತ್ರವಾದ ಹುಂಚಕ್ಕೆ ಹೋಗುವವರು ಪದ್ಮಾವತಿಯ ದರ್ಶನ ಮುಗಿಸಿ ಹಿಂತಿರುಗಬೇಡಿ. ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯನ್ನೂ, ಮುತ್ತಿನ ಕೆರೆಯನ್ನೂ ನೋಡಿ.

ಊರಿನಲ್ಲಿ ನಡೆದುಕೊಳ್ಳುವ ರೀತಿ. ಪೂಜೆಯಿರುವ ಗುಡಿಗಳು ಮಧ್ಯಾಹ್ನ ಮುಚ್ಚುತ್ತವೆ, ಬೀಗದ ಕೈ ಭಟ್ಟರ ಮನೆಯಲ್ಲಿರುತ್ತದೆ. ಊಟದ ಹೊತ್ತಿಗೆ ಹೋಗಿ ‘ಬೆಂಗಳೂರಿನಿಂದ ಬಂದಿದ್ದೇವೆ’ ಎಂದರೆ ಬಾಗಿಲು ತೆರೆಯುತ್ತಾರೇನೋ, ಮನಸ್ಸು ತೆರೆಯುವುದಿಲ್ಲ. ಹಿಂದಿನ ದಿನವೇ ಹೇಳಿ ಕಳುಹಿಸಿ, ತಟ್ಟೆಗೆ ಕಾಣಿಕೆ ಹಾಕಿ. ಮನೆಯ ಕದದ ಪಕ್ಕ ಗೋಡೆಯ ಮೇಲೆ ಬರೆದ ಹಸೆ ಚಿತ್ತಾರ ಕಂಡರೆ ಕೇಳಿಯೇ ಫೋಟೊ ತೆಗೆಯಿರಿ. ಬರೆದವರು ಆ ಮನೆಯ ಹೆಂಗಸರು, ಅವರನ್ನು ‘ಅಮ್ಮಾ, ಇದನ್ನು ಯಾರು ಬರೆದಿರಿ?’ ಎಂದು ಕೇಳಿದರೆ ಕೆಮ್ಮಣ್ಣು, ಅಕ್ಕಿಹಿಟ್ಟಿನ ವಿವರವೆಲ್ಲ ಸಿಗುತ್ತದೆ. ಭೂಮಿ ಹುಣ್ಣಿಮೆಯ ಹೊತ್ತಿಗೆ ಬಂದರೆ ಗದ್ದೆಗೆ ಎಡೆ ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಗೂ ಅದೇ ಚಿತ್ತಾರ ಬರೆದಿರುತ್ತಾರೆ. ಜಗಲಿಗೆ ಕರೆದು ‘ಆಸರಿಗೆ (ಕುಡಿಯಲು) ಏನು ಕೊಡಲಿ?’ ಎಂದರೆ ಬೇಡವೆನ್ನಬೇಡಿ. ಮಜ್ಜಿಗೆಯಾದರೂ ಕುಡಿದು ಏಳಿ. ಅದಕ್ಕೆ ದುಡ್ಡು ಕೊಡಲು ಹೋಗಬೇಡಿ.

ಕೊನೆಗೆ ನನ್ನಂಥವರ ವಿಷಯ. ಕಾರು ಗೊತ್ತು ಮಾಡುವಾಗಲೇ ‘ಒಂದೇ ಊರು, ನಾಲ್ಕು ಗಂಟೆ ನಿಲ್ಲುತ್ತೇವೆ’ ಎಂದು ಹೇಳಿ, ಕಾಯುವುದಕ್ಕೆಷ್ಟು ಎಂದು ಮಾತನಾಡಿಕೊಳ್ಳಿ. ಹೇಳದಿದ್ದರೆ ಚಾಲಕ ಮುಂದಿನ ಬಾಡಿಗೆ ಒಪ್ಪಿಕೊಂಡಿರುತ್ತಾನೆ, ನೀವು ಎರಡನೆಯ ವೀರಗಲ್ಲಿಗೆ ಬರುವಷ್ಟರಲ್ಲಿ ಹಾರ್ನ್ ಒತ್ತಲು ಶುರುಮಾಡುತ್ತಾನೆ. ಬಸ್ಸಿನಲ್ಲಿ ಬಂದವರು ಊರಿಗೆ ಇಳಿದ ಕೂಡಲೇ ಹಿಂತಿರುಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಅಂಗಡಿಯವರನ್ನು ಕೇಳಿಟ್ಟುಕೊಳ್ಳಿ. ಮೊಬೈಲಿನಲ್ಲಿ ಕಾಣುವ ವೇಳಾಪಟ್ಟಿಗಿಂತ ಅವರ ಮಾತು ನಂಬಿಕೆಗೆ ಅರ್ಹ.